ಅಜ್ಜನಿಗೆ ಉಳಿದ ಭಾಷೆ

ದುಬೈಯಲ್ಲಿ ನಾನು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಆಗಿದ್ದಾಗ ನಡೆದದ್ದು ಇದು. ಎರಡು ಸಾವಿರದ ಇಸವಿ ದಾಟಿ ಹೆಚ್ಚು ಕಾಲವಾಗಿರಲಿಲ್ಲ. ಅಲ್ ಮುರಕ್ಕಬಾತ್‌ನ ಒಂದು ಹಳೆಯ ಕಟ್ಟಡದಲ್ಲಿ ಮಂಗಳೂರು ಕಡೆಯ ಇನ್ನಿಬ್ಬರು ನರ್ಸುಗಳ ಜೊತೆ ಕೋಣೆ ಹಂಚಿಕೊಂಡಿದ್ದೆ. ಬೆಳಿಗ್ಗೆ ಕೆಳಗೆ ಕಾರು ಬಂದು ನಿಲ್ಲುತ್ತಿತ್ತು. ಹೊಸ ಡ್ಯೂಟಿ ಜೆಬೆಲ್ ಅಲಿಯಲ್ಲಿ, ಬಂದರಿನ ಎಂಜಿನಿಯರುಗಳಿಗಾಗಿ ಹಿಂದೆ ಕಟ್ಟಿದ್ದ ತಗ್ಗು ಮಾಡಿನ ವಿಲ್ಲಾಗಳ ಕಾಲೊನಿಯಲ್ಲಿ.

ಕಾರಿನ ಡ್ರೈವರ್ ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು, ಆ ಮನೆಯ ಯಜಮಾನನ ಕಂಪನಿಯವರು. ಮೊದಲ ದಿನವೇ ದಾರಿಯಲ್ಲಿ ಎಲ್ಲ ತಿಳಿಸಿಬಿಟ್ಟರು. ಯಜಮಾನ ತಿಂಗಳಲ್ಲಿ ಮೂರು ವಾರ ಬೇರೆ ಬೇರೆ ಬಂದರುಗಳಲ್ಲಿ ಇರುತ್ತಾನೆ. ಮೇಡಂ ಒಬ್ಬಳೇ. ಅವಳ ಅಪ್ಪ ಊರಿಂದ ಕ್ರಿಸ್ಮಸ್ಸಿಗೆಂದು ಬಂದವರು ತೋಟದಲ್ಲಿ ಕುಳಿತಲ್ಲೇ ಬಿದ್ದುಬಿಟ್ಟರು. ಬಲಗೈ ಬಲಗಾಲು ಹೋಗಿದೆ. ಊರು ಯಾವುದು ಎಂದು ಕೇಳಿದೆ. ಬ್ರೆಜಿಲ್ ಅಂದರು.

ಬ್ರೆಜಿಲ್ ಎಂದರೆ ಹಳದಿ ಅಂಗಿಯ ಫುಟ್‌ಬಾಲ್ ಆಟಗಾರರು ಎನ್ನುವುದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಹಾಸಿಗೆಯಲ್ಲಿದ್ದ ಅಜ್ಜನನ್ನು ನೋಡಿ ತಪ್ಪು ಮನೆಗೆ ಬಂದೆನೇನೋ ಅನ್ನಿಸಿತು. ಕೆಂಪು ಕೆನ್ನೆ, ನೀಲಿ ಕಣ್ಣು, ಉದ್ದ ಮೂಗು. ನಮ್ಮ ಊರಿನ ಇಗರ್ಜಿಯಲ್ಲಿ ಗೋಡೆಯ ಮೇಲಿದ್ದ ಹಳೆಯ ಯುರೋಪಿನ ಪಾದ್ರಿಗಳ ಚಿತ್ರದ ಹಾಗೆ. ಮೇಡಂ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು ಒಂದು ಆಲ್ಬಮ್ ತಂದು ಇಂಗ್ಲಿಷಿನಲ್ಲಿ ವಿವರಿಸುತ್ತಾ ಹೋದಳು. ಮಂಜು ಮುಸುಕಿದ ಗುಡ್ಡಗಳು, ಇಳಿಜಾರಿನಲ್ಲಿ ದ್ರಾಕ್ಷಿ ಚಪ್ಪರ, ಕೆಳಗೆ ಕಲ್ಲಿನ ಉಗ್ರಾಣ, ಅದರ ಮೇಲೆ ಹಲಗೆಯ ಮನೆ, ಎತ್ತರದ ಗಂಟೆಗೋಪುರ.

ಅವಳ ಮುತ್ತಜ್ಜ ಮುತ್ತಜ್ಜಿ ಇಟಲಿಯ ಉತ್ತರ ಭಾಗದಿಂದ ಹೊಟ್ಟೆಗಿಲ್ಲದೆ ಹಡಗು ಹತ್ತಿದವರು. ಬ್ರೆಜಿಲ್ಲಿನ ದಕ್ಷಿಣದ ತುದಿಯಲ್ಲಿ ಅವರಿಗೆ ಕಾಡು ತೋರಿಸಿ ಇದೇ ನಿಮ್ಮ ಜಾಗ ಎಂದರಂತೆ. ಮರ ಕಡಿದು ಜೋಳ ಬಿತ್ತಿದರು, ಬಳ್ಳಿ ಹಬ್ಬಿಸಿದರು. ಆಚೆ ಕಣಿವೆಯಲ್ಲಿ ಜರ್ಮನ್ನರು, ಅದರಾಚೆ ಪೋಲೆಂಡಿನವರು. ಒಂದೊಂದು ಕಣಿವೆಗೆ ಒಂದೊಂದು ಬಗೆಯ ರೊಟ್ಟಿ, ಒಂದೊಂದು ಬಗೆಯ ಹಾಡು. ಈಗ ಎಲ್ಲರೂ ಪೋರ್ಚುಗೀಸ್ ಮಾತನಾಡುತ್ತಾರೆ ಎಂದಳು. ಅವಳ ಅಪ್ಪ ಅದೇ ಊರಿನ ಶಾಲೆಯಲ್ಲಿ ಪೋರ್ಚುಗೀಸ್ ಕಲಿಸುವ ಮೇಷ್ಟರಾಗಿದ್ದರು. ಮನೆಯಲ್ಲಿ ಮಗಳು ಒಂದು ಅಕ್ಷರ ತಪ್ಪು ಉಚ್ಚರಿಸಿದರೂ ಊಟದ ನಡುವೆಯೇ ತಿದ್ದುತ್ತಿದ್ದರಂತೆ.

ಪೋರ್ಚುಗೀಸ್ ಎಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ಮನೆಮಾತು ಕೊಂಕಣಿ, ಗೋವೆಯ ಕಾಲದ ಪೋರ್ಚುಗೀಸ್ ಶಬ್ದಗಳು ಅದರಲ್ಲಿ ಬಹಳ. ಕಿಟಕಿಗೆ ನಾವು ಜನೆಲ್ ಅನ್ನುತ್ತೇವೆ, ಅವಳು ಜನೆಲಾ ಅಂದಳು. ಮೇಜು, ಸಾಬೂನು, ಚಾವಿ, ಬಾಲ್ದಿ, ಎಲ್ಲವೂ ಹೆಚ್ಚುಕಡಿಮೆ ಅವಳಲ್ಲೂ ಇದ್ದವು. ಅಡುಗೆಮನೆಯಲ್ಲಿ ನಾನು ಒಂದೊಂದು ಸಾಮಾನು ಮುಟ್ಟಿ ಹೆಸರು ಹೇಳುವುದು, ಅವಳು ತನ್ನದನ್ನು ಹೇಳುವುದು, ಹೀಗೆ ಇಬ್ಬರೂ ಮಕ್ಕಳ ಹಾಗೆ ನಕ್ಕೆವು. ರೋಗಿಯ ಜೊತೆ ನಾಲ್ಕು ಶಬ್ದವಾದರೂ ಆಡಬಹುದು ಎಂಬ ಧೈರ್ಯ ಬಂತು.

ಮರುದಿನ ಬೆಳಿಗ್ಗೆ ಪರದೆ ಸರಿಸುತ್ತಾ ಅಜ್ಜನಿಗೆ, ಜನೆಲಾ ತೆಗೆಯಲೇ ಎಂದು ಸನ್ನೆ ಮಾಡಿ ಕೇಳಿದೆ. ಅವರು ನನ್ನನ್ನು ದಿಟ್ಟಿಸಿ ನೋಡಿದರು. ಸಾಬೂನು ತೋರಿಸಿ ಹೆಸರು ಹೇಳಿದೆ. ಏನೂ ಇಲ್ಲ. ಮಗಳು ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತು ಪೋರ್ಚುಗೀಸಿನಲ್ಲಿ ಮಾತನಾಡಿಸಿದಳು. ಅವಳನ್ನೂ ಹಾಗೆಯೇ ನೋಡಿದರು, ಬಾಗಿಲಿಗೆ ಬಂದ ಅಪರಿಚಿತರನ್ನು ನೋಡುವ ಹಾಗೆ. ಆಮೇಲೆ ಸೊಟ್ಟಗಾಗಿದ್ದ ಬಾಯಿಯನ್ನು ಕಷ್ಟಪಟ್ಟು ತಿರುಗಿಸಿ ಏನೋ ಹೇಳಿದರು. ಮಗಳಿಗೆ ತಿಳಿಯಲಿಲ್ಲ. ನಾಲಿಗೆ ತೊದಲಿ ಹಾಗಾಗುತ್ತಿದೆ ಎಂದುಕೊಂಡೆವು. ಆದರೆ ದಿನ ಹೋದಂತೆ ನಾಲಿಗೆ ಸಡಿಲವಾಯಿತು, ಶಬ್ದಗಳು ಸ್ಪಷ್ಟವಾದವು. ಸ್ಪಷ್ಟವಾದಷ್ಟೂ ನಮಗೆ ದೂರವಾದವು.

ಡಾಕ್ಟರು ಬಂದಾಗ ಮಗಳು ಕೇಳಿದಳು. ಕೆಲವರಿಗೆ ಆಮೇಲೆ ಕಲಿತ ಭಾಷೆಗಳೆಲ್ಲ ಅಳಿಸಿಹೋಗಿ ಎಳವೆಯ ಭಾಷೆ ಒಂದೇ ಉಳಿಯುವುದುಂಟು ಎಂದರು. ಎಳವೆಯ ಭಾಷೆಯೂ ಪೋರ್ಚುಗೀಸೇ ಅಲ್ಲವೇ ಎಂದಳು ಅವಳು. ಮನೆಯಲ್ಲಿ ಹಿರಿಯರು ಏನು ಆಡುತ್ತಿದ್ದರು ಎಂದು ಡಾಕ್ಟರು ಕೇಳಿದರು. ಆಗ ಅವಳಿಗೇ ಹೊಳೆಯಿತು. ಅಜ್ಜಿ, ಅಂದರೆ ಅಪ್ಪನ ಅಮ್ಮ, ಬಾವಿಕಟ್ಟೆಯಲ್ಲಿ ಒಬ್ಬಳೇ ಇರುವಾಗ ಬೇರೆ ಏನೋ ಒಂದು ಭಾಷೆಯಲ್ಲಿ ಗೊಣಗುತ್ತಿದ್ದಳು. ಮೊಮ್ಮಕ್ಕಳು ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಿದ್ದಳು. ಹಡಗಿನಲ್ಲಿ ಬಂದವರ ಹಳ್ಳಿ ಇಟಾಲಿಯನ್ ಅದು. ಅಪ್ಪ ಅದನ್ನು ಒಂದು ದಿನವೂ ಆಡಿದ್ದನ್ನು ಅವಳು ಕೇಳಿರಲಿಲ್ಲ.

ಮಧ್ಯಾಹ್ನವಾದರೆ ಅಜ್ಜ ಎಡಗೈಯಿಂದ ಮಂಚದ ಸರಳು ಹಿಡಿದು ಒಂದೇ ಮಾತು ಶುರು ಮಾಡುತ್ತಿದ್ದರು. ನನ್ನ ಕಿವಿಗೆ ಅದು "ಅಂದೆಮೊ" ಎಂದು ಕೇಳುತ್ತಿತ್ತು. ನೀರು ಕೊಟ್ಟೆ. ದಿಂಬು ಏರಿಸಿದೆ, ಇಳಿಸಿದೆ. ಎ.ಸಿ. ಕಡಿಮೆ ಮಾಡಿದೆ. ಬೆಡ್‌ಪ್ಯಾನ್ ಹಿಡಿದೆ. ಅವರು ಸಿಟ್ಟು ಮಾಡುತ್ತಿರಲಿಲ್ಲ. ದಡ್ಡ ವಿದ್ಯಾರ್ಥಿಗೆ ಮೇಷ್ಟರು ಹೇಳುವ ಹಾಗೆ ಮತ್ತೊಮ್ಮೆ ನಿಧಾನವಾಗಿ ಹೇಳುತ್ತಿದ್ದರು. ಆಮೇಲೆ ಸೋತು ಗೋಡೆಗೆ ಮುಖ ಮಾಡುತ್ತಿದ್ದರು. ಮಗಳು ಆ ಹೊತ್ತಿಗೆ ಅಡುಗೆಮನೆಯ ನಲ್ಲಿ ಜೋರಾಗಿ ಬಿಟ್ಟು ಸಿಂಕಿನ ಮುಂದೆ ನಿಂತಿರುತ್ತಿದ್ದಳು. ತೊಳೆಯಲು ಪಾತ್ರೆಗಳೇನೂ ಇರುತ್ತಿರಲಿಲ್ಲ. ಇಂಜೆಕ್ಷನ್ ಕೊಡಲು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಲು ನನಗೆ ಬರುತ್ತಿತ್ತು. ಇದಕ್ಕೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ.

ಸಂಜೆ ವಾಪಸು ಬರುವಾಗ ಡ್ರೈವರ್ ಕೇಳುತ್ತಿದ್ದರು.

"ಎಂತ ಸಿಸ್ಟರ್, ಇವತ್ತು ಅಜ್ಜ ಮಾತಾಡಿದ್ರಾ?"

"ಮಾತಾಡ್ತಾರೆ ಮಾರಾಯ್ರೆ. ನಮಗೆ ಗೊತ್ತಾಗ್ಬೇಕಲ್ಲ."

ಒಂದು ಸಂಜೆ ಅವರು ಕಾರನ್ನು ದೊಡ್ಡ ರಸ್ತೆಗೆ ತಿರುಗಿಸುತ್ತಾ ಹೇಳಿದರು. "ನನ್ನ ಮಗಳು ಇಲ್ಲಿ ಶಾಲೆಗೆ ಸೇರಿದ್ಮೇಲೆ ನಾನು ನಮ್ಮ ಬ್ಯಾರಿ ಭಾಷೆಯಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಹೇಳ್ತಾಳೆ. ಈಗ ನಗಾಡ್ತೇವೆ. ನಾಳೆ ನಾನು ಹೀಗೆ ಬಿದ್ರೆ ಎಂತ ಮಾಡುದು ಹೇಳಿ."

ಇಟಲಿಯವರು ಯಾರಾದರೂ ಸಿಕ್ಕಿದರೆ ಆಗಬಹುದಿತ್ತು ಎಂದೆ. ಆಗ ಅವರೇ, ನಿಮ್ಮ ಪಾದ್ರಿಗಳಲ್ಲಿ ಇಟಲಿಯವರು ಇರುವುದಿಲ್ಲವಾ ಎಂದು ಕೇಳಿದರು. ನಮ್ಮ ಇಗರ್ಜಿಯಲ್ಲಿ ವಿಚಾರಿಸಿದೆ. ಅಬುಧಾಬಿಯಲ್ಲಿ ಒಬ್ಬ ವಯಸ್ಸಾದ ಇಟಲಿಯ ಪಾದ್ರಿ ಇದ್ದಾರೆಂದು ತಿಳಿಯಿತು. ಒಂದು ಬೆಳಿಗ್ಗೆ ಡ್ರೈವರ್ ಮತ್ತು ನಾನು ಹೋಗಿ ಅವರನ್ನು ಕರೆತಂದೆವು. ದಾರಿಯುದ್ದಕ್ಕೂ ಪಾದ್ರಿಗಳು ಉತ್ಸಾಹದಲ್ಲಿದ್ದರು. ತಮ್ಮ ಅಮ್ಮನ ತವರು ಉತ್ತರದ ಕಡೆಯೇ, ಹಳ್ಳಿ ಮಾತು ಸ್ವಲ್ಪ ಬರುತ್ತದೆ ಎಂದರು.

ಅವರು ಕೋಣೆಗೆ ಬಂದು ದೊಡ್ಡ ದನಿಯಲ್ಲಿ ನಮಸ್ಕಾರ ಹೇಳಿದರು. ಅಜ್ಜನ ಮುಖ ಒಮ್ಮೆಲೇ ಅರಳಿತು. ಪಾದ್ರಿಗಳು ಕುರ್ಚಿ ಎಳೆದು ಕುಳಿತು ಇನ್ನೂ ಜೋರಾಗಿ ಏನೋ ಕೇಳಿದರು. ಅಷ್ಟರಲ್ಲಿ ಅಜ್ಜನ ಕಣ್ಣು ಕಿಟಕಿಯ ಕಡೆ ಹೋಯಿತು. ಆಮೇಲೆ ಬಾಗಿಲಿನ ಕಡೆ. ಎಡಗೈ ಎತ್ತಿ ತುಟಿಯ ಮೇಲೆ ಬೆರಳಿಟ್ಟುಕೊಂಡರು. ಪಿಸುಗುಟ್ಟಿದರು. ಪಾದ್ರಿಗಳು ಬಗ್ಗಿ ಕೇಳಿಸಿಕೊಂಡರು, ಮತ್ತೆ ಏನೋ ಸಮಾಧಾನ ಹೇಳಿದರು. ಅಜ್ಜ ತಲೆಯಾಡಿಸಿ ಕಣ್ಣು ಮುಚ್ಚಿಬಿಟ್ಟರು. ನಾಡಿ ನೋಡಿದೆ, ಓಡುತ್ತಿತ್ತು. ನಾನೇ ಪಾದ್ರಿಗಳನ್ನು ಹೊರಗೆ ಬರಲು ಕೇಳಿಕೊಳ್ಳಬೇಕಾಯಿತು.

ಹಜಾರದಲ್ಲಿ ನಿಂತು ಅವರು ಮಗಳಿಗೆ ಹೇಳಿದರು, "ಮೆಲ್ಲಗೆ ಮಾತಾಡಿ, ಕಿಟಕಿ ಮುಚ್ಚಿ ಅಂತಾರೆ. ಕೇಳಿಸಿದರೆ ನನ್ನನ್ನೂ ಹಿಡಿದುಕೊಂಡು ಹೋಗ್ತಾರಂತೆ."

ಮಗಳು ಅಂದೇ ಊರಿಗೆ ಫೋನ್ ಮಾಡಿದಳು. ಅಲ್ಲಿ ಅಜ್ಜನ ಅಕ್ಕ ಇದ್ದಳು. ಎಂಬತ್ತು ದಾಟಿದವಳು. ಮೊದಲು ಹೇಳಲು ಒಪ್ಪಲಿಲ್ಲವಂತೆ. ಆಮೇಲೆ ಹೇಳಿದಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರೆಜಿಲ್ ಸರಕಾರ ಇಟಲಿಯ ಮಾತು, ಜರ್ಮನಿಯ ಮಾತು ಯಾರೂ ಆಡಕೂಡದು ಎಂದು ಆಜ್ಞೆ ಮಾಡಿತ್ತು. ಆ ಗುಡ್ಡದ ಜನಕ್ಕೆ ಬೇರೆ ಭಾಷೆಯೇ ಬರುತ್ತಿರಲಿಲ್ಲ. ಒಂದು ದಿನ ಅವರ ಅಪ್ಪ ಪೇಟೆಯ ಅಂಗಡಿಯಲ್ಲಿ ಉಪ್ಪು ಕೇಳಿದ್ದು ಆ ಮಾತಿನಲ್ಲೇ. ಪೊಲೀಸರು ಹಿಡಿದುಕೊಂಡು ಹೋದರು. ಜೊತೆಗಿದ್ದ ಸಣ್ಣ ಹುಡುಗ ಒಬ್ಬನೇ ಗುಡ್ಡ ಹತ್ತಿ ಮನೆಗೆ ಬಂದ. ಕೆಲವು ದಿನಗಳ ನಂತರ ಅಪ್ಪ ಬಿಡುಗಡೆಯಾಗಿ ಬಂದ. ಆದರೆ ಅಂದಿನಿಂದ ಹೊರಗೆ ಯಾರ ಹತ್ತಿರವೂ ಮಾತನಾಡಲಿಲ್ಲ, ಸಾಯುವವರೆಗೂ. ಆ ಹುಡುಗನೇ ಮುಂದೆ ಪೋರ್ಚುಗೀಸ್ ಮೇಷ್ಟರಾದದ್ದು.

ಮಗಳು ಫೋನ್ ಇಟ್ಟು ನನ್ನ ಮುಂದೆ ಕುಳಿತು ಇದನ್ನೆಲ್ಲ ಹೇಳಿದಳು. "ನನಗೆ ಈ ವಯಸ್ಸಿನಲ್ಲಿ ಗೊತ್ತಾಗ್ತಾ ಇದೆ. ಅದೂ ದುಬೈಯಲ್ಲಿ ಕೂತು," ಎಂದಳು.

ಅಂದಿನಿಂದ ಅಕ್ಕ ದಿನಾ ಫೋನ್ ಮಾಡತೊಡಗಿದಳು. ನಮ್ಮಲ್ಲಿ ಮಸೀದಿಯ ಇಳಿಹೊತ್ತಿನ ಅಸರ್ ಬಾಂಗ್ ಮುಗಿದು ಸ್ವಲ್ಪ ಹೊತ್ತಿಗೆ, ಅವರಲ್ಲಿ ಬೆಳಗಿನ ಹಾಲು ಕರೆದಾದ ಮೇಲೆ. ನಾನು ಕಿಟಕಿ ಮುಚ್ಚಿ, ಪರದೆ ಎಳೆದು, ಸ್ಪೀಕರ್ ಹಾಕಿ ರಿಸೀವರನ್ನು ಅಜ್ಜನ ದಿಂಬಿನ ಪಕ್ಕ ಇಡುತ್ತಿದ್ದೆ. ಅವರಿಬ್ಬರ ದನಿ ತಗ್ಗಿರುತ್ತಿತ್ತು. ಅಜ್ಜ ನಗುವುದನ್ನು ಮೊದಲ ಬಾರಿ ಕಂಡದ್ದು ಆಗ. ಅಂದೆಮೊ ಎಂದರೆ "ಹೋಗೋಣ" ಎಂದು ಅಕ್ಕ ಮಗಳಿಗೆ ಹೇಳಿದಳು. ಮನೆಗೆ ಹೋಗೋಣ. ಇಷ್ಟು ದಿನ ಅದಕ್ಕೆ ನಾನು ನೀರು ಕುಡಿಸುತ್ತಿದ್ದೆ.

ಆ ಕೆಲವು ವಾರಗಳು ಮಾತ್ರ ಮನೆಯಲ್ಲಿ ಗೆಲುವಿತ್ತು. ಅಕ್ಕ ಫೋನಿನಲ್ಲಿ ಹೇಳಿದ ಹಾಗೆ ಮಗಳು ಜೋಳದ ಹಿಟ್ಟನ್ನು ದಪ್ಪ ತಳದ ಪಾತ್ರೆಯಲ್ಲಿ ತಿರುವಿ ತಿರುವಿ ಬೇಯಿಸಿ, ಹಲಗೆಯ ಮೇಲೆ ಸುರಿದು, ಆರಿದ ಮೇಲೆ ನೂಲಿನಿಂದ ಕತ್ತರಿಸಿದಳು. ನಮ್ಮ ಮನೆಯ ಮಣ್ಣಿಯ ಹಾಗೆ, ಸಿಹಿ ಒಂದಿಲ್ಲ. ಅಜ್ಜ ಮಗುವಿನ ಹಾಗೆ ಬಾಯಿ ತೆರೆದು ತಿಂದರು. ಊರಿನಲ್ಲಿ ಅವರೆಲ್ಲ ಸೋರೆ ಬುರುಡೆಯಲ್ಲಿ ಬಿಸಿನೀರು ಹಾಕಿ ಲೋಹದ ಕೊಳವೆಯಿಂದ ಹೀರುವ ಮಾತೆ ಎಂಬ ಕಹಿ ಸೊಪ್ಪಿನ ಚಹಾ ಮುಗಿದುಹೋಗಿತ್ತು. ಅದು ಎಲ್ಲಿ ಸಿಗಬೇಕು ಎಂದು ಮಗಳು ಕೈಚೆಲ್ಲಿದ್ದಳು. ನೋಡಿದರೆ ನಮ್ಮ ಕಟ್ಟಡದ ಕೆಳಗಿನ ಸಿರಿಯಾದವನ ಅಂಗಡಿಯಲ್ಲೇ ಸಾಲಾಗಿ ಇಟ್ಟಿತ್ತು. ಅವನ ಅಜ್ಜ ಅರ್ಜೆಂಟೀನಾಕ್ಕೆ ದುಡಿಯಲು ಹೋಗಿ ಊರಿಗೆ ವಾಪಸು ಬರುವಾಗ ಈ ಚಟ ತಂದಿದ್ದನಂತೆ. ನಮ್ಮ ಅಜ್ಜನಿಗೆ ಗಂಟಲಲ್ಲಿ ಸಿಕ್ಕೀತು ಎಂದು ಚಮಚದಲ್ಲಿ ಸ್ವಲ್ಪವೇ ಕೊಟ್ಟೆ. ಅವರು ನನ್ನನ್ನು ತೋಸಾ ಎಂದು ಕರೆಯತೊಡಗಿದ್ದರು. ಹುಡುಗಿ ಎಂದರ್ಥವಂತೆ. ನನಗಾಗ ಮೂವತ್ತೇಳು.

ಆದರೆ ಮಗಳ ಜೊತೆ ಅವರು ಮಾತನಾಡಲೇ ಇಲ್ಲ. ಅವಳು ಅಕ್ಕನಿಂದ ಕಲಿತ ಒಂದೆರಡು ಶಬ್ದ ಹೇಳಿದರೆ ತಲೆಯಾಡಿಸಿ ಬೇಡ ಬೇಡ ಎಂಬಂತೆ ಕೈ ಅಲ್ಲಾಡಿಸುತ್ತಿದ್ದರು. ಅವಳಿಗೆ ಅಪಾಯ ಬರಬಾರದು ಎಂದಿರಬೇಕು. ಅವಳು ಎದ್ದು ಹೊರಗೆ ಹೋಗುತ್ತಿದ್ದಳು.

ಅವರನ್ನು ಊರಿಗೆ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಡಾಕ್ಟರು ಒಪ್ಪಿದರು. ನಾನೂ ಜೊತೆಗೆ ಹೋಗುವುದೆಂದಾಯಿತು. ಅಬುಧಾಬಿಗೆ ಹೋಗಿ ವೀಸಾಕ್ಕೆ ಪಾಸ್‌ಪೋರ್ಟ್ ಕೊಟ್ಟುಬಂದೆ. ಆ ಗುಡ್ಡಗಳಲ್ಲಿ ರಾತ್ರಿ ಚಳಿ ಎಂದು ಡೇರಾ ಪೇಟೆಯಲ್ಲಿ ಸ್ವೆಟರ್ ಕೊಂಡೆ. ರೂಮಿನ ಗೆಳತಿಯರು, ಎಲ್ಲರೂ ಅಮೆರಿಕಕ್ಕೆ ಹೋದರೆ ನೀನು ಅದರ ಕೆಳಗಿನದಕ್ಕೆ ಹೋಗುತ್ತೀ ಎಂದು ತಮಾಷೆ ಮಾಡಿದರು. ನನಗೆ ಆ ಗಂಟೆಗೋಪುರದ ಕೆಳಗೆ ನಿಂತು ಕೇಳುವ ಆಸೆ ಹುಟ್ಟಿತ್ತು.

ಮಂಚದಂಥ ಸೀಟಿನ ವ್ಯವಸ್ಥೆ ಮಾಡಿಸಲು ಮಗಳು ಆ ದಿನ ವಿಮಾನ ಕಂಪನಿಯ ಕಚೇರಿಗೆ ಹೋಗಿದ್ದಳು. ಡ್ರೈವರೂ ಅವಳ ಜೊತೆ. ಮನೆಯಲ್ಲಿ ನಾನು ಮತ್ತು ಅಜ್ಜ ಇಬ್ಬರೇ. ಹೊತ್ತಿಗೆ ಸರಿಯಾಗಿ ಅಕ್ಕನ ಫೋನ್ ಬಂತು. ದಿಂಬಿನ ಪಕ್ಕ ಇಟ್ಟೆ. ಅವಳು ಏನೋ ಹೇಳುತ್ತಿದ್ದಳು, ದ್ರಾಕ್ಷಿ ಕೊಯ್ಲಿನ ಸುದ್ದಿ ಇರಬೇಕು, ಮುಂಚೆಯೆಲ್ಲ ಅದನ್ನೇ ಹೇಳುತ್ತಿದ್ದಳಂತೆ. ಅಜ್ಜ ಹೂಂಗುಟ್ಟುತ್ತಿದ್ದರು. ಒಮ್ಮೆ ಹೂಂ ಅನ್ನಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಕಣ್ಣು ಮೇಲೆ ಹೋಗಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು.

ಮೊಬೈಲಿನಲ್ಲಿ ಆಂಬುಲೆನ್ಸಿಗೆ ಹೇಳಿದೆ. ಮಗಳಿಗೆ ಹೇಳಿದೆ. ಅವಳು ಪೇಟೆಯಿಂದ ಬರುವ ದೊಡ್ಡ ರಸ್ತೆಯಲ್ಲಿ ವಾಹನಗಳ ನಡುವೆ ಸಿಕ್ಕಿಬಿದ್ದಿದ್ದಳು. ಉಸಿರು ನಿಂತಿತು. ಇಂಥದ್ದಕ್ಕೆಂದೇ ಮಂಚದಡಿ ಇಟ್ಟಿದ್ದ ಹಲಗೆಯನ್ನು ಬೆನ್ನ ಕೆಳಗೆ ತಳ್ಳಿ ಎದೆ ಒತ್ತಲು ಶುರು ಮಾಡಿದೆ. ಬಾಯಿಗೆ ಗಾಳಿ ಕೊಟ್ಟೆ. ಮತ್ತೆ ಒತ್ತಿದೆ. ಇದರ ಮಧ್ಯೆ ದಿಂಬಿನಿಂದ ಆ ಮುದುಕಿಯ ದನಿ ಬರುತ್ತಲೇ ಇತ್ತು. ಅವಳು ಇನ್ನೂ ಕೊಯ್ಲಿನ ಸುದ್ದಿಯನ್ನೇ ಹೇಳುತ್ತಿದ್ದಳು. ಆಮೇಲೆ ತಮ್ಮನ ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು. ಆಂಬುಲೆನ್ಸಿನವರು ಬಂದರು, ತಮ್ಮ ಯಂತ್ರ ಹಚ್ಚಿದರು, ತಾವೂ ಸರದಿಯಂತೆ ಎದೆ ಒತ್ತಿದರು. ಅವರಲ್ಲಿ ಹಿರಿಯನೊಬ್ಬ ನನ್ನ ಮುಖ ನೋಡಿ "ಖಲಾಸ್, ಸಿಸ್ಟರ್" ಎಂದು ಮೆಲ್ಲಗೆ ಹೇಳಿ ಕಾಗದ ಬರೆಯಲು ಹಜಾರಕ್ಕೆ ಹೋದ.

ನಾನು ರಿಸೀವರ್ ಎತ್ತಿಕೊಂಡೆ. ಆ ಕಡೆ ಉಸಿರು ಕೇಳುತ್ತಿತ್ತು. ಅವಳು ಏನೋ ಕೇಳಿದಳು. ನನಗೆ ಅವಳ ಊರಿನ ಪೋರ್ಚುಗೀಸ್ ಶಬ್ದಗಳು ಎಷ್ಟೋ ಗೊತ್ತಿದ್ದವು. ಕಿಟಕಿ, ಮೇಜು, ಸಾಬೂನು, ಚಾವಿ, ಬಾಲ್ದಿ. ನಿನ್ನ ತಮ್ಮ ಹೋದ ಎಂದು ಹೇಳಲು ಅವುಗಳಲ್ಲಿ ಒಂದೂ ಒದಗಲಿಲ್ಲ. ಅವರ ಮೋರ್ತೆಯ ಹಾಗೆಯೇ ಕೇಳುವ ಕೊಂಕಣಿಯ ಮರಣ್ ಎಂದಿದ್ದರೇ ಅವಳಿಗೆ ಅರ್ಥವಾಗುತ್ತಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆಗ ಅದು ಹೊಳೆಯಲಿಲ್ಲ. ಹೊಳೆದಿದ್ದರೂ ಬಾಯಿಂದ ಹೊರಡುತ್ತಿತ್ತೋ ಇಲ್ಲವೋ. ಫೋನ್ ಇಟ್ಟುಬಿಡಲೂ ಆಗಲಿಲ್ಲ. ನಾನು ಅಳುತ್ತಿದ್ದೆ, ಅದು ಅವಳಿಗೆ ಕೇಳಿಸಿರಬೇಕು.

ಆಮೇಲೆ ಅವಳು ಬೇರೆ ಒಂದು ಲಯದಲ್ಲಿ ಶುರು ಮಾಡಿದಳು. ಶಬ್ದ ತಿಳಿಯದಿದ್ದರೂ ಲಯ ತಿಳಿಯಿತು. ಮೊದಲಲ್ಲಿ ಮರಿಯಾ ಎಂದು ಬಂತು. ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವಾಗ ನಮ್ಮ ಮನೆಯಲ್ಲಿ ಅಮ್ಮ ಅರ್ಧ ಹೇಳಿ ನಿಲ್ಲಿಸುತ್ತಿದ್ದ ಜಾಗದಲ್ಲೇ ಅವಳೂ ನಿಲ್ಲಿಸಿದಳು. ಉತ್ತರಾರ್ಧವನ್ನು ಇನ್ನೊಬ್ಬರು ಹೇಳಬೇಕು. ನಾನು ಕೊಂಕಣಿಯಲ್ಲಿ ಹೇಳಿದೆ. ಅವಳು ಮತ್ತೆ ಶುರು ಮಾಡಿದಳು. ಮಗಳ ಕಾರು ಗೇಟಿನ ಹತ್ತಿರ ನಿಲ್ಲುವವರೆಗೂ ಅವಳು ಅಲ್ಲಿಂದ, ನಾನು ಇಲ್ಲಿಂದ, ಹೀಗೆ ಹೇಳುತ್ತಲೇ ಇದ್ದೆವು. ಮಗಳು ಒಳಗೆ ಬಂದು ಮಂಚ ನೋಡಿದಳು. ನಾನು ರಿಸೀವರನ್ನು ಅವಳ ಕೈಗೆ ಕೊಟ್ಟೆ.

ಶವವನ್ನು ಊರಿಗೆ ಕಳಿಸುವ ಓಡಾಟವನ್ನೆಲ್ಲ ಡ್ರೈವರ್ ನೋಡಿಕೊಂಡರು. ವಿಮಾನ ನಿಲ್ದಾಣದ ಸರಕು ವಿಭಾಗದ ಬಾಗಿಲಿನವರೆಗೆ ನಾನೂ ಹೋಗಿದ್ದೆ. ಅಲ್ಲಿಂದ ಮುಂದೆ ಬಿಡಲಿಲ್ಲ. "ಹೋದ್ರಲ್ಲ ಸಿಸ್ಟರ್, ಊರಿಗೆ," ಎಂದರು ಅವರು, ಕಾರಿಗೆ ಒರಗಿ. ನನ್ನ ವೀಸಾ ಆಮೇಲೆ ಬಂತು. ಪಾಸ್‌ಪೋರ್ಟ್ ವಾಪಸು ತರಲು ಅಬುಧಾಬಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿಬಂದೆ.

ಒಂದೂವರೆ ತಿಂಗಳ ನಂತರ ಮಗಳು ತಿರುಗಿ ಬಂದು ನನ್ನನ್ನು ಮನೆಗೆ ಕರೆದಳು. ಅಷ್ಟರಲ್ಲಿ ನನಗೆ ಬೇರೆ ಡ್ಯೂಟಿ ಸಿಕ್ಕಿತ್ತು, ರಜೆ ದಿನ ಹೋದೆ. ಅಂತ್ಯಕ್ರಿಯೆಗೆ ಇಡೀ ಊರು ಬಂದಿತ್ತಂತೆ, ಮೇಷ್ಟರ ಹಳೆಯ ವಿದ್ಯಾರ್ಥಿಗಳೆಲ್ಲ. ಪೂಜೆ, ಭಾಷಣ, ಎಲ್ಲ ಪೋರ್ಚುಗೀಸಿನಲ್ಲಿ ಆಯಿತು. ಮಣ್ಣು ಮಾಡುವಾಗ ಮಾತ್ರ ಮೂವರು ನಾಲ್ವರು ಮುದುಕಿಯರು ಒಂದು ಹಳೆಯ ಹಾಡು ಹೇಳಿದರು. ಚಿಕ್ಕವರು ಅದೇನೋ ಚಂದ ಎಂದು ನಿಂತು ನೋಡಿದರಂತೆ.

"ನನಗೆ ಕಲಿಸು ಅಂತ ಸೋದರತ್ತೆಯನ್ನು ಕೇಳಿದೆ," ಎಂದಳು. "ದಿನಾ ಫೋನ್ ಮಾಡ್ತೇನೆ, ಅದೇ ಹೊತ್ತಿಗೆ. ನಾನು ಆ ಭಾಷೆಯಲ್ಲಿ ಕೇಳ್ತೇನೆ, ಅವಳು ಪೋರ್ಚುಗೀಸಿನಲ್ಲಿ ಉತ್ತರ ಕೊಡ್ತಾಳೆ. ಒತ್ತಾಯ ಮಾಡಿದರೆ, ಕಲಿತು ಅಲ್ಲಿ ಯಾರ ಹತ್ತಿರ ಆಡ್ತೀ ಅಂತಾಳೆ."

ಅವಳು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಹೊರಗೆ ಬಂದರಿನ ಕಡೆಯಿಂದ ಹಗಲಿಡೀ ಬರುವ ಕ್ರೇನುಗಳ ಸದ್ದು ಬರುತ್ತಿತ್ತು. ಅವಳು ಗೂಡಿನಲ್ಲಿ ಸಕ್ಕರೆ ಹುಡುಕುತ್ತಿದ್ದಳು. ನಾನು ಎದ್ದು ಹೋಗಿ ಎರಡು ಕಪ್ ತೆಗೆದಿಟ್ಟೆ.